ಬಿಷಪ್ ಅಜರಯ್ಯನವರಿಗೆ ಇಷ್ಟು ಪುಟಗಳೇಕೆ?

ಕಳೆದ ಸಂಚಿಕೆಯಲ್ಲಿ ಬಿಷಪ್ ವಿ. ಎಸ್. ಅಜರಯ್ಯನವರ ಬಗ್ಗೆ ಬಂದ ಲೇಖನವನ್ನು ಓದಿದ ಧಾರವಾಡದ ಓದುಗರೊಬ್ಬರು, “ಇಂಗ್ಲಿಷರ ಕ್ರೈಸ್ತ ಸಭೆ ತನ್ನ ಅನುಕೂಲಕ್ಕಾಗಿ ಪಟ್ಟ ಕಟ್ಟಿದವರಿಗೆ ಇಷ್ಟು ಪುಟಗಳೇಕೆ?” ಎಂದು ಕೇಳಿದ್ದಾರೆ.

ಮಾನ್ಯರೇ, ತಾವು ಲೇಖನವನ್ನು ಎಷ್ಟು ಶ್ರದ್ಧೆಯಿಂದ ಓದಿದ್ದೀರೆಂಬುದು ಪತ್ರದಲ್ಲೇ ಕಾಣುತ್ತದೆ. 1912ರ ಡಿಸೆಂಬರ್ 29ರಂದು ಕಲ್ಕತ್ತೆಯ ಸೇಂಟ್ ಪಾಲ್ ಕೆಥೆಡ್ರಲ್‌ನಲ್ಲಿ ಅವರು ಆಂಗ್ಲಿಕನ್ ಸಭೆಯ, ಎಂದರೆ ಇಂಗ್ಲೆಂಡಿನಲ್ಲಿ ಹುಟ್ಟಿದ ಚರ್ಚಿನ, ಮೊದಲ ಭಾರತೀಯ ಬಿಷಪ್ ಆದಾಗ ಬೆನ್ನಿಗೆ ನಿಂತವರು ಮದ್ರಾಸಿನ ಇಂಗ್ಲಿಷ್ ಬಿಷಪ್ ವೈಟ್‌ಹೆಡ್ ಎಂಬುದು ನಿಜ. ಆದರೆ ಅದಕ್ಕೆ ಎರಡು ವರ್ಷ ಮೊದಲು ಎಡಿನ್‌ಬರೋದ ಮಿಷನರಿ ಸಮ್ಮೇಳನದಲ್ಲಿ ಮೂವತ್ತೈದರ ಈ ಮನುಷ್ಯ ಬಿಳಿಯ ಮಿಷನರಿಗಳ ಎದುರಿಗೇ ಅವರ ದೊಡ್ಡಸ್ತಿಕೆಯನ್ನು ಎತ್ತಿ ಆಡಿ, “ನಮಗೆ ಸ್ನೇಹಿತರನ್ನು ಕೊಡಿ” ಎಂದು ಕೇಳಿದ್ದನ್ನು ತಾವು ಮರೆತಿರಿ. ಅನುಕೂಲಕ್ಕೆ ಒದಗುವವರು ಹಾಗೆ ಮಾತಾಡುವುದಿಲ್ಲ.

ತಿರುನೆಲ್ವೇಲಿ ಸೀಮೆಯ ಹಳ್ಳಿ ಪಾದ್ರಿಯ ಮಗ, ಮನೆಮಾತು ತಮಿಳು. ಅಂಥವರು ನಿಜಾಮರ ರಾಜ್ಯದ ದೋರ್ನಕಲ್ಲಿಗೆ ಹೋಗಿ, ತೆಲುಗು ಕಲಿತು, ಎತ್ತಿನ ಗಾಡಿಯಲ್ಲಿ ಅಸ್ಪೃಶ್ಯರೆನಿಸಿದ್ದ ಮಾಲ ಮಾದಿಗರ ಕೇರಿ ಕೇರಿ ಸುತ್ತಿದರು. ದೀಕ್ಷಾಸ್ನಾನ ಪಡೆದವರಿಂದ ಅವರ ಕೈಯನ್ನು ಅವರದೇ ತಲೆಯ ಮೇಲೆ ಇಡಿಸಿ, “ಸುವಾರ್ತೆ ಸಾರದಿದ್ದರೆ ನನ್ನ ಗತಿಯೇನು” ಎಂದು ಹೇಳಿಸುತ್ತಿದ್ದರು. ಊರಿನ ಯಾವ ಕೂಟದಲ್ಲೂ ಬಾಯಿ ತೆರೆಯುವ ಹಕ್ಕಿಲ್ಲದವರಿಗೆ ನೀನು ಮಾತಾಡಲೇಬೇಕು ಎಂದು ಹೇಳಿದ ಹಾಗಾಯಿತು. ಈ ಒಂದು ನೋಟಕ್ಕೆ ನಾನು ಇನ್ನೂ ನಾಲ್ಕು ಪುಟ ಕೊಟ್ಟೇನು.

ಸಾಮೂಹಿಕ ಮತಾಂತರವನ್ನು ಗಾಂಧೀಜಿಯವರು ವಿರೋಧಿಸಿದ್ದನ್ನೂ ತಾವು ನೆನಪಿಸಿದ್ದೀರಿ. ಅವರ ಆತಂಕವನ್ನು ನಾನು ಗೌರವಿಸುತ್ತೇನೆ. ಆದರೆ ಕೇರಿಯವರಿಗೆ ತಮ್ಮ ದಾರಿಯನ್ನು ತಾವೇ ಆರಿಸಿಕೊಳ್ಳುವಷ್ಟು ತಿಳಿವಳಿಕೆ ಇಲ್ಲವೆಂಬ ಮಾತು ಯಾರ ಬಾಯಿಂದ ಬಂದರೂ ನನಗೆ ಒಪ್ಪಿಗೆಯಿಲ್ಲ. ಇನ್ನು ಬ್ರಿಟಿಷರಿಗೆ ಬಾಗಿದವರೆಂಬ ಆರೋಪ: ಚುನಾವಣೆಯಲ್ಲಿ ಕ್ರೈಸ್ತರಿಗೆ ಪ್ರತ್ಯೇಕ ಮತಕ್ಷೇತ್ರ ಬೇಡ, ಅದರಿಂದ ಸಭೆ ಬರಿಯ ಒಂದು ಕೋಮಾಗಿಬಿಡುತ್ತದೆ ಎಂದು ವಾದಿಸಿದವರು ಇದೇ ಅಜರಯ್ಯ. 1939ರಲ್ಲಿ ಪ್ರತಿಷ್ಠೆಗೊಂಡ ಅವರ ದೋರ್ನಕಲ್ ಕೆಥೆಡ್ರಲ್‌ನ್ನಾದರೂ ನೋಡಿ. ಮಸೀದಿಯ ಗುಮ್ಮಟಗಳೂ ದೇಗುಲದ ಕಂಬಗಳೂ ಅಲ್ಲಿ ಒಂದೇ ಕಟ್ಟಡದಲ್ಲಿ ಸೇರಿವೆ.

ನಮ್ಮ ಪತ್ರಿಕೆಗಳ ವ್ಯಕ್ತಿಚಿತ್ರಗಳ ಮೇಲೆ ನನಗೆ ಹಳೆಯ ಮುನಿಸಿದೆ. “ಮೊದಲ ಭಾರತೀಯ” ಎಂಬ ಬಿರುದು ಸಿಕ್ಕಿದ ಕೂಡಲೇ ಲೇಖನ ಮುಗಿಯುತ್ತದೆ. ಆಮೇಲಿನ ಮೂವತ್ತೆರಡು ವರ್ಷಗಳ ದುಡಿಮೆ ಯಾರಿಗೂ ಬೇಡ. ಪಾದ್ರಿಗಳ ವಿಷಯದಲ್ಲಂತೂ ನಮ್ಮ ಓದು ಮಿಷನರಿಗಳು ಬರೆದ ನಿಘಂಟು, ವ್ಯಾಕರಣಗಳನ್ನು ದಾಟುವುದೇ ಇಲ್ಲ. ಬೇರೆ ಬೇರೆ ಸಭೆಗಳು ಒಂದಾಗಬೇಕೆಂದು 1919ರಲ್ಲಿ ತರಂಗಂಬಾಡಿಯಲ್ಲಿ ಆರಂಭವಾದ ಮಾತುಕತೆಯ ಮುಂದಾಳುಗಳಲ್ಲಿ ಅಜರಯ್ಯ ಒಬ್ಬರು. ಅವರು ತೀರಿಕೊಂಡದ್ದು 1945ರ ಜನವರಿ 1ರಂದು. ಆ ಮಾತುಕತೆಯ ಫಲವಾಗಿ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು. ಕರ್ನಾಟಕದ ಸಿ.ಎಸ್.ಐ. ಸಭೆಗಳೆಲ್ಲ ಆ ಐಕ್ಯದೊಳಗೇ ಇವೆ. ಅದರ ಕಥೆಯನ್ನು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ. ತಾವು ಅದನ್ನೂ ಇಷ್ಟೇ ಶ್ರದ್ಧೆಯಿಂದ ಓದಿ, ಮತ್ತೆ ಪತ್ರ ಬರೆಯಬೇಕು.

— ಸಂಪಾದಕ