ಹಾಡು ಕೋಹೆನ್ ಅವರದು, ಚರಣಗಳ ಆಯ್ಕೆ ಕೇಲ್ ಅವರದು

ಪ್ರಶ್ನೆ: ಜೆಫ್ ಬಕ್ಲಿ ಹಾಡಿದ ‘ಹಲ್ಲೆಲೂಯಾ’ ನನಗೆ ಬಾಯಿಪಾಠ. ಲೆನರ್ಡ್ ಕೋಹೆನ್ ಅವರ ಮೂಲ ಹಾಡು ಹುಡುಕಿ ಕೇಳಿದರೆ ಕೊನೆಯ ಚರಣಗಳೇ ಬೇರೆ. ಬಕ್ಲಿ ತಾವೇ ಬರೆದು ಸೇರಿಸಿದರೇ?
– ಓದುಗರು, ಮಂಗಳೂರು

ಉತ್ತರ: ಇಲ್ಲ, ಅಷ್ಟೂ ಸಾಲು ಕೋಹೆನ್ ಅವರವೇ. 1984ರ ‘ವೇರಿಯಸ್ ಪೊಸಿಷನ್ಸ್’ ಆಲ್ಬಂನಲ್ಲಿ ಈ ಹಾಡಿಗೆ ನಾಲ್ಕು ಚರಣಗಳಿದ್ದವು. ಆ ಆಲ್ಬಂ ಅನ್ನು ಅಮೆರಿಕದಲ್ಲಿ ಬಿಡುಗಡೆ ಮಾಡಲು ಕೊಲಂಬಿಯಾ ಕಂಪನಿ ಒಪ್ಪಲಿಲ್ಲ. ಪಾಸ್‌ಪೋರ್ಟ್ ಎಂಬ ಸಣ್ಣ ಕಂಪನಿ ಹೊರತಂದಿತು. ಹಾಡು ಹೆಚ್ಚು ಜನರ ಕಿವಿಗೆ ಬೀಳಲಿಲ್ಲ. ಇತ್ತ ಕೋಹೆನ್ ವೇದಿಕೆಯ ಮೇಲೆ ಬೇರೆ ಚರಣಗಳನ್ನು ಹಾಡತೊಡಗಿದ್ದರು.

1991ರಲ್ಲಿ ಕೋಹೆನ್ ಗೌರವಾರ್ಥ ‘ಐ ಆಮ್ ಯುವರ್ ಫ್ಯಾನ್’ ಆಲ್ಬಂ ಬಂತು. ಅದಕ್ಕೆ ಹಾಡಬೇಕಿದ್ದ ಜಾನ್ ಕೇಲ್ ಸಾಹಿತ್ಯ ಕೇಳಿದಾಗ, ಕೋಹೆನ್ ಫ್ಯಾಕ್ಸ್‌ನಲ್ಲಿ 15 ಪುಟ ಕಳಿಸಿದರು. ಕೇಲ್ ಮೂಲದ ಮೊದಲೆರಡು ಚರಣ ಉಳಿಸಿಕೊಂಡರು, ಕೊನೆಯೆರಡನ್ನು ಬಿಟ್ಟು ಬೇರೆ ಮೂರನ್ನು ಸೇರಿಸಿದರು. ಸಿಂಥಸೈಜರ್, ಕೋರಸ್ ಎಲ್ಲ ತೆಗೆದು ಪಿಯಾನೊ ಒಂದನ್ನೇ ಇಟ್ಟರು. 1994ರಲ್ಲಿ ‘ಗ್ರೇಸ್’ ಆಲ್ಬಂಗೆ ಬಕ್ಲಿ ಹಾಡಿದ್ದು ಇದೇ ಐದು ಚರಣ. ಇನ್ನೊಬ್ಬರ ಹಾಡನ್ನು ಮತ್ತೆ ಹಾಡಿ ಮುದ್ರಿಸಿದರೆ ಅದು ಕವರ್. ಹಾಗಾಗಿ ಬಕ್ಲಿಯದು ಕವರ್‌ನ ಕವರ್. 2001ರ ‘ಶ್ರೆಕ್’ ಚಿತ್ರದಲ್ಲಿ ಕೇಳುವುದು ಕೇಲ್ ದನಿ. ಅದರ ಧ್ವನಿಮುದ್ರಿಕೆಯಲ್ಲಿರುವುದು ರೂಫಸ್ ವೇನ್‌ರೈಟ್. 2008ರ ಕ್ರಿಸ್‌ಮಸ್ ವಾರ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಇದೇ ಹಾಡಿನೊಂದಿಗೆ ಅಲೆಕ್ಸಾಂಡ್ರಾ ಬರ್ಕ್ 1ನೇ, ಬಕ್ಲಿ 2ನೇ, ಕೋಹೆನ್ 36ನೇ ಸ್ಥಾನದಲ್ಲಿದ್ದರು.

ಕೇಲ್ ಆಯ್ಕೆ ಹಾಡಿಗೆ ಮರುಜೀವ ಕೊಟ್ಟಿತು, ನಿಜ. ಆದರೂ ಮೂಲದ ಕೊನೆಯ ಚರಣ ಕೈಬಿಟ್ಟದ್ದು ದೊಡ್ಡ ನಷ್ಟವೇ. ಕೈಲಾದಷ್ಟು ಮಾಡಿದೆ, ಎಲ್ಲ ತಪ್ಪಿದರೂ ‘ಹಲ್ಲೆಲೂಯಾ’ ಎಂಬ ದೇವಸ್ತುತಿಯೊಂದನ್ನೇ ಹಿಡಿದು ನಿಲ್ಲುತ್ತೇನೆ ಎಂಬ ಭಾವ ಅಲ್ಲಿದೆ. ಅದಿಲ್ಲದಿದ್ದರೆ ಹಾಡು ಪ್ರೇಮದ ಗಾಯದಲ್ಲೇ ಮುಗಿಯುತ್ತದೆ. ವೇದಿಕೆಯಲ್ಲಿ ಹಾಡುವವರು ಅದನ್ನೂ ಸೇರಿಸಿಕೊಳ್ಳಿ.

ಪ್ರಶ್ನೆ: ಗಿಟಾರ್‌ನಲ್ಲಿ ಇದೇ ಹಾಡು ನುಡಿಸಿದರೆ ಸಪ್ಪೆ ಎನಿಸುತ್ತದೆ. ಸಿ ಮೇಜರ್‌ನಲ್ಲೇ ಇದ್ದೇನೆ. ಪಲ್ಲವಿಗೆ ಮುಂಚೆ ಇ ಮೈನರ್ ಹಾಕುತ್ತೇನೆ.
– ಓದುಗರು, ಹಾಸನ

ಉತ್ತರ: ಆ ಇ ಮೈನರೇ ತೊಂದರೆ. ಅಲ್ಲಿ ಬೇಕಾದ್ದು ಇ7 ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು). ಇ7ರಲ್ಲಿ ಜಿ ಶಾರ್ಪ್ ಇದೆ. ಅದು ಸಿ ಮೇಜರ್ ಸ್ಕೇಲ್‌ಗೆ ಹೊರಗಿನ ಸ್ವರ, ‘ಎ’ಗಿಂತ ಅರ್ಧ ಸ್ವರವಷ್ಟೇ ಕೆಳಗೆ, ಮುಂದಿನ ಎ ಮೈನರ್ ಕಡೆಗೆ ಕಿವಿಯನ್ನು ಎಳೆಯುತ್ತದೆ. ಇ ಮೈನರ್‌ನಲ್ಲಿರುವುದು ಬರೀ ಜಿ, ಆ ಸೆಳೆತ ಬಾರದು.

ನಡೆಯನ್ನೂ ನೋಡಿಕೊಳ್ಳಿ. ಇದು 12/8. ತಿಶ್ರ ನಡೆ ಬಲ್ಲವರು ನಾಲ್ಕು ಎಣಿಕೆ ಹಾಕಿ, ಪ್ರತಿ ಎಣಿಕೆಗೂ ‘ತಕಿಟ’ ಹೇಳಿಕೊಂಡರೆ ಸಾಕು. ಮೊದಲ ಸಾಲು ಸಿ, ಎ ಮೈನರ್, ಸಿ, ಎ ಮೈನರ್. ಎರಡನೆಯದು ಎಫ್, ಜಿ, ಸಿ, ಜಿ. ಇಲ್ಲಿ ಒಂದೊಂದು ಕಾರ್ಡ್‌ಗೂ ಎರಡೆರಡು ಎಣಿಕೆ. ಎಡವುವುದು ಮೂರನೆಯದರಲ್ಲಿ: ಸಿಗೆ ಎರಡು, ಎಫ್‌ಗೆ ಒಂದು, ಜಿಗೆ ಒಂದು, ಮತ್ತೆ ಎ ಮೈನರ್‌ಗೆ ಎರಡು, ಎಫ್‌ಗೆ ಎರಡು. ‘ದ ಫೋರ್ತ್, ದ ಫಿಫ್ತ್’ (ನಾಲ್ಕನೆಯದು, ಐದನೆಯದು) ಎಂದು ಸಾಹಿತ್ಯ ಹೇಳುವ ಹೊತ್ತಿಗೇ ಕಾರ್ಡ್‌ಗಳೂ ಮಧ್ಯಮ, ಪಂಚಮಕ್ಕೆ ಏರುತ್ತವೆ. ಕೈ ತಡವಾದರೆ ಆ ಸೊಗಸು ಹೋಯಿತು. ಬಳಿಕ ಜಿ ಎರಡು, ಇ7 ಎರಡು, ಎ ಮೈನರ್ ನಾಲ್ಕು. ಪಲ್ಲವಿಯ ಎಫ್, ಎ ಮೈನರ್, ಎಫ್ ಮೂರಕ್ಕೂ ನಾಲ್ಕು ನಾಲ್ಕು ಎಣಿಕೆ, ಅವಸರ ಬೇಡ. ಕೊನೆಗೆ ಸಿ, ಜಿ ಎರಡೆರಡು, ಮತ್ತೆ ಸಿ.

ಬಕ್ಲಿ ನಾದ ಬೇಕಿದ್ದರೆ ಕ್ಯಾಪೊವನ್ನು (ತಂತಿಗಳನ್ನು ಒತ್ತಿ ಹಿಡಿದು ಶ್ರುತಿ ಏರಿಸುವ ಕ್ಲಿಪ್) 5ನೇ ಫ್ರೆಟ್‌ಗೆ ಹಾಕಿ ಜಿ ಮೇಜರ್ ಆಕಾರಗಳಲ್ಲಿ ನುಡಿಸಿ. ಆಗ ಇ7 ಜಾಗಕ್ಕೆ ಬಿ7 ಆಕಾರ. ಸ್ಟ್ರಮ್ ಮಾಡದೆ ತಂತಿಗಳನ್ನು ಒಂದೊಂದಾಗಿ ಮೀಟಿ. ಶ್ರುತಿ ಹೆಚ್ಚಾದರೆ ಕ್ಯಾಪೊ 2ಕ್ಕೆ ಇಳಿಸಿ, ‘ಎ’ ಸಿಗುತ್ತದೆ.

ಪ್ರಶ್ನೆ: ಈ ಧಾಟಿಗೆ ಕನ್ನಡ ಸಾಹಿತ್ಯ ಕೂರಿಸಿ ಬಿಡುಗಡೆ ಮಾಡಬಹುದೇ?
– ಓದುಗರು, ಧಾರವಾಡ

ಉತ್ತರ: ಹಕ್ಕುದಾರರ ಲಿಖಿತ ಅನುಮತಿ ಇಲ್ಲದೆ ಬೇಡ. ನಮ್ಮ ಕೃತಿಸ್ವಾಮ್ಯ ಕಾಯ್ದೆಯ 31ಸಿ ಸೆಕ್ಷನ್, ಮೊದಲ ಧ್ವನಿಮುದ್ರಣದ ವರ್ಷ ಮುಗಿದು ಐದು ವರ್ಷ ಕಳೆದ ಹಾಡುಗಳ ಕವರ್‌ಗೆ ದಾರಿ ಕೊಡುತ್ತದೆ. ಆದರೆ ತಾಂತ್ರಿಕವಾಗಿ ಅಗತ್ಯವಲ್ಲದ ಬದಲಾವಣೆಗೆ ಅಲ್ಲಿ ಅವಕಾಶವಿಲ್ಲ. ಸಾಹಿತ್ಯವನ್ನೇ ಬದಲಿಸುವುದು ಅದರೊಳಗೆ ಬರುವುದಿಲ್ಲ. ಇಂಗ್ಲಿಷಿನಲ್ಲೇ ಹಾಡುವುದಾದರೂ ಮುಂಚಿತ ನೋಟಿಸ್, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ಮುಂಗಡ ರಾಯಲ್ಟಿ ಕಡ್ಡಾಯ. ಮುಖಪುಟದಲ್ಲಿ ಇದು ಕವರ್ ಎಂದು ನಮೂದಿಸಬೇಕು. ಹಿಂದೆ ಹಾಡಿದವರ ಹೆಸರಾಗಲಿ ಚಿತ್ರವಾಗಲಿ ಹಾಕುವಂತಿಲ್ಲ.