ಮೈಸೂರು ಮಹಾರಾಜರ ಅಧಿಕಾರ ಭಾರತ ಸರ್ಕಾರಕ್ಕೆ ಕಾನೂನಿನ ಪ್ರಕಾರ ಹೇಗೆ ಹೋಯಿತು?

ಒಂದೇ ಸಹಿಯಲ್ಲಿ ಹೋಗಲಿಲ್ಲ, ಕಂತಿನಲ್ಲಿ ಹೋಯಿತು. ಪ್ರತಿ ಕಂತಿಗೂ ಮಹಾರಾಜರೇ ಒಪ್ಪಿಗೆ ಕೊಡಬೇಕಿತ್ತು.

ಯಾಕೆ ಅಂದರೆ, 1947ರಲ್ಲಿ ಬ್ರಿಟಿಷರು ಸಂಸ್ಥಾನಗಳ ಮೇಲಿದ್ದ ತಮ್ಮ ಹಿಡಿತವನ್ನು ದೆಹಲಿಗೆ ವರ್ಗಾಯಿಸಲಿಲ್ಲ, ಸುಮ್ನೆ ಬಿಟ್ಟುಬಿಟ್ಟರು. ಹಾಗಾಗಿ ಕಾನೂನಿನ ಲೆಕ್ಕದಲ್ಲಿ ಅಧಿಕಾರ ರಾಜರ ಕೈಯಲ್ಲೇ ಉಳಿಯಿತು. ಇದ್ದವರೇ ತಾನೇ ಕೊಡಬೇಕು?

ಮಹಾರಾಜ ಜಯಚಾಮರಾಜ ಒಡೆಯರ್ 1947ರ ಆಗಸ್ಟ್ 9ರಂದು ಭಾರತಕ್ಕೆ ಸೇರುವ ಒಪ್ಪಂದಕ್ಕೆ, ಅಂದರೆ ಸೇರ್ಪಡೆ ಪತ್ರಕ್ಕೆ, ಸಹಿ ಹಾಕಿದರು. ಅದರಲ್ಲಿ ಬಿಟ್ಟುಕೊಟ್ಟಿದ್ದು ಮುಖ್ಯವಾಗಿ ಮೂರೇ ವಿಷಯ: ರಕ್ಷಣೆ, ವಿದೇಶಾಂಗ, ಸಂಪರ್ಕ. ಆ ಪತ್ರದ 7 ಮತ್ತು 8ನೇ ಕಲಮುಗಳನ್ನು ಓದಿದರೆ ನಿಜಕ್ಕೂ ಆಶ್ಚರ್ಯ ಆಗುತ್ತದೆ. ಮುಂದೆ ಬರುವ ಸಂವಿಧಾನವನ್ನು ಒಪ್ಪಲೇಬೇಕು ಅಂತಿಲ್ಲ, ಸಂಸ್ಥಾನದ ಮೇಲಿನ ಒಡೆತನ ನನ್ನದೇ, ಅನ್ನುವ ಅರ್ಥ ಅಲ್ಲಿದೆ! ಎಲ್ಲ ರಾಜರಿಗೂ ಹೆಚ್ಚುಕಡಿಮೆ ಇದೇ ನಮೂನೆ ಕೊಟ್ಟಿದ್ದರು.

ಮಹಾರಾಜರ ಕೈಯಲ್ಲೇ ಉಳಿದಿದ್ದ ಒಳಾಡಳಿತವನ್ನು ಬಿಡಿಸಿಕೊಂಡು ಜನರ ಸರ್ಕಾರ ತರಲು ಜನ 'ಮೈಸೂರು ಚಲೋ' ಚಳವಳಿ ಮಾಡಬೇಕಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾಂಗ್ರೆಸ್ ನಾಯಕ ಕೆ.ಸಿ. ರೆಡ್ಡಿ ಅವರ ಮಂತ್ರಿಮಂಡಲ ಬಂತು.

ಕೊನೆಯ ಗಂಟು ಬಿಚ್ಚಿದ್ದು 1949ರ ನವೆಂಬರ್ 25ರ ಘೋಷಣೆ. 7ನೇ ಕಲಮು ಒತ್ತಾಯ ಬೇಡ ಅಂದಿತ್ತಲ್ವಾ? ಅದಕ್ಕೇ ಮಹಾರಾಜರು ಭಾರತದ ಸಂವಿಧಾನವೇ ಮೈಸೂರಿಗೂ ಸಂವಿಧಾನ ಅಂತ ತಾವಾಗಿ ಸಾರಬೇಕಾಯಿತು. 1950ರ ಜನವರಿ 26ರಿಂದ ಅವರು ರಾಜಪ್ರಮುಖರು, ಅಂದರೆ ರಾಜ್ಯಪಾಲರಂಥ ಹುದ್ದೆ. ವರ್ಷಕ್ಕೆ 26 ಲಕ್ಷ ರೂಪಾಯಿ ರಾಜಧನ, ಅಂದರೆ ಅಧಿಕಾರ ಬಿಟ್ಟ ರಾಜರಿಗೆ ಸರ್ಕಾರ ಕೊಡುತ್ತಿದ್ದ ಹಣ, ನಿಗದಿಯಾಗಿತ್ತು. ಅದನ್ನು 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿ ನಿಲ್ಲಿಸಿತು.