ಕೊಬ್ಬರಿ ಬೇಡ, ಹಿಟ್ಟಿನ ಕೋಲು ಇರಲಿ

ಈ ತಿಂಗಳ ಉತ್ತರಗಳನ್ನು ತಿಪಟೂರಿನ ನಮ್ಮ ಮನೆಯ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ರಜೆಗೆ ಬಂದಿದ್ದೇನೆ. ಅಟ್ಟದಲ್ಲಿ ವರ್ಷದಿಂದ ಒಣಗಿದ ಕಾಯಿಗಳನ್ನು ಇಳಿಸಿ ಅಂಗಳದಲ್ಲಿ ಸುಲಿಯುತ್ತಿದ್ದಾರೆ. ನಾನು ಜರ್ಮನಿಯ ಸ್ಟುಟ್‌ಗಾರ್ಟ್ ಪಕ್ಕದ ಸಣ್ಣ ಊರಿಗೆ ಹೋಗಿ ಒಂಬತ್ತು ವರ್ಷವಾಯಿತು. ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವ ಕೆಲಸ. ಈ ಸಲ ಬಂದ ಪ್ರಶ್ನೆಗಳೆಲ್ಲ ನಮ್ಮ ಜಿಲ್ಲೆಯವೇ.

ಮಗ ಡಿಸೆಂಬರ್‌ನಲ್ಲಿ ಜರ್ಮನಿಗೆ ಕೆಲಸಕ್ಕೆ ಹೊರಟಿದ್ದಾನೆ. ತುಪ್ಪ, ಕೊಬ್ಬರಿ, ಕರಿಬೇವು ಕಟ್ಟಿಕೊಡಬಹುದಾ? ಇನ್ನೇನು ಕಳಿಸಲಿ?
– ತಾಯಿಯೊಬ್ಬರು, ಗುಬ್ಬಿ

ಮೂರೂ ಬೇಡಮ್ಮ.

ತುಪ್ಪ ಹಾಲಿನ ಪದಾರ್ಥ. ಹೊರಗಿನಿಂದ ಯುರೋಪ್ ಒಕ್ಕೂಟದ ದೇಶಗಳಿಗೆ ಹೋಗುವವರು ಮಾಂಸವನ್ನಾಗಲಿ ಹಾಲಿನ ಪದಾರ್ಥವನ್ನಾಗಲಿ ಬ್ಯಾಗಿನಲ್ಲಿ ಒಯ್ಯುವಂತಿಲ್ಲ. ದನಕರುಗಳ ರೋಗ ಹರಡಬಾರದು ಎಂದು ಈ ನಿಯಮ. ಖೋವಾ, ಪೇಡ ಕೂಡ ಇದರಲ್ಲೇ ಬರುತ್ತವೆ. ಮೊದಲ ಸಲ ಹೋದಾಗ ನನ್ನ ತುಪ್ಪದ ಡಬ್ಬಿಯನ್ನು ನನ್ನ ಕಣ್ಣೆದುರೇ ಕಸಕ್ಕೆ ಹಾಕಿದರು. ಅಮ್ಮ ಎರಡು ವಾರ ಬೆಣ್ಣೆ ಕೂಡಿಟ್ಟು ಕಾಯಿಸಿದ ತುಪ್ಪ ಅದು. ಅಲ್ಲಿ ಬೆಣ್ಣೆ ಚೆನ್ನಾಗಿರುತ್ತದೆ, 250 ಗ್ರಾಂ ಪೊಟ್ಟಣದಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಕಾಯಿಸುವುದನ್ನು ಮಗನಿಗೆ ಈಗಲೇ ಕಲಿಸಿಬಿಡಿ.

ಹಸಿ ಕರಿಬೇವಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಅದರ ಬದಲು ಎಲೆ ಹುರಿದು ಚಟ್ನಿಪುಡಿಗೆ ಹಾಕಿ ಕುಟ್ಟಿ ಕೊಡಿ.

ಕೊಬ್ಬರಿ ಬೇಡ ಎಂದು ತಿಪಟೂರಿನವಳಾದ ನಾನು ಹೇಳಬೇಕಲ್ಲ ಎಂದು ನನಗೇ ಸಂಕಟ. ಆದರೆ ವಿಮಾನದವರ ಅಪಾಯಕಾರಿ ಸರಕಿನ ಪಟ್ಟಿಯಲ್ಲಿ ಕೊಬ್ಬರಿ ಇದೆ. ಎಣ್ಣೆ ಜಾಸ್ತಿ ಇರುವುದರಿಂದ ತನ್ನಷ್ಟಕ್ಕೇ ಕಾವು ಏರಿ ಹೊತ್ತಿಕೊಳ್ಳಬಹುದು ಎಂಬ ಕಾರಣಕ್ಕೆ. ಬೆಂಗಳೂರಿನಲ್ಲಿ ಬ್ಯಾಗ್ ತೆರೆಸಿ ತೆಗೆಸುತ್ತಾರೆ. ಅಪ್ಪನಿಗೆ ಇದನ್ನು ಹೇಳಿದಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಸರಿಯಾಗಿ ಒಣಗದ ಕೊಬ್ಬರಿಯನ್ನು ರಾಶಿ ಹಾಕಿದರೆ ಒಳಗೆ ಕೈ ಇಡಲಾಗದಷ್ಟು ಬಿಸಿಯಾಗುವುದನ್ನು ಅವರು ನೋಡಿದ್ದಾರೆ.

ಇನ್ನು ಏನು ಕಳಿಸಬೇಕು ಅಂದರೆ: ಸಾರಿನ ಪುಡಿ, ಹುಚ್ಚೆಳ್ಳು ಪುಡಿ, ನಿಮ್ಮ ಮಿಲ್ಲಿನಲ್ಲಿ ಬೀಸಿದ ಒಂದೆರಡು ಕೆಜಿ ರಾಗಿ ಹಿಟ್ಟು. ಸಣ್ಣ ಮಿಕ್ಸಿ ಇರಲಿ. ಅಲ್ಲೂ ನಮ್ಮ ಹಾಗೆ 230 ವೋಲ್ಟ್, 50 ಹರ್ಟ್ಸ್ ಕರೆಂಟು, ಸುಡುವ ಭಯವಿಲ್ಲ. ಪ್ಲಗ್ ಮಾತ್ರ ಬೇರೆ, ಅಡಾಪ್ಟರ್ ಬೇಕು. ಕುಕ್ಕರ್ ಅಲ್ಯೂಮಿನಿಯಂದು ಬೇಡ, ಇಂಡಕ್ಷನ್ ಒಲೆಗೆ ಆಗುವ, ತಳ ಸಪಾಟಾದ ಸ್ಟೀಲಿನದು ಕೊಡಿ.

ಹಿಟ್ಟಿನ ಕೋಲು ಮರೆಯಬೇಡಿ. ನಮ್ಮ ಕಡೆ ಮುದ್ದೆಗೆ ಹಿಟ್ಟು ಅಂತಲೇ ಹೇಳುವುದು, ನಿಮಗೆ ಗೊತ್ತೇ ಇದೆ. ಅಲ್ಲಿ ಹೆಚ್ಚಿನ ಮನೆಗಳಲ್ಲಿ ಗಾಜಿನ ಹಾಸಿನ ವಿದ್ಯುತ್ ಒಲೆ. ಅದರ ಮೇಲೆ ಬಲ ಹಾಕಿ ತಿರುವಿದರೆ ಪಾತ್ರೆ ಜಾರುತ್ತದೆ, ಗಾಜು ಒಡೆದರೆ ಬಾಡಿಗೆದಾರರೇ ದಂಡ ತೆರಬೇಕು. ನಾನು ಪಾತ್ರೆ ಇಳಿಸಿ, ನೆಲದಲ್ಲಿ ಒದ್ದೆ ಬಟ್ಟೆಯ ಮೇಲಿಟ್ಟು, ಕೂತು ತಿರುವುತ್ತೇನೆ. ಗಂಟಿಲ್ಲದೆ ಬರುತ್ತದೆ. ಡಿಸೆಂಬರ್‌ನಲ್ಲಿ ಅಲ್ಲಿ ಸೂರ್ಯ ಹುಟ್ಟುವಾಗ ಎಂಟು ದಾಟಿರುತ್ತದೆ, ಸಂಜೆ ನಾಲ್ಕೂವರೆ ಹೊತ್ತಿಗೆಲ್ಲ ಮುಳುಗಿರುತ್ತದೆ. ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಮನೆಗೆ ಬಂದವನಿಗೆ ಬಿಸಿ ಹಿಟ್ಟು, ಸಾರು ಎಷ್ಟು ಧೈರ್ಯ ಕೊಡುತ್ತದೆ ಎಂದು ನಾನು ಬಲ್ಲೆ.

ದಪ್ಪ ಜಾಕೆಟ್‌ಗೆ ಬೆಂಗಳೂರಿನಲ್ಲಿ ಸುಮ್ನೆ ದುಡ್ಡು ಹಾಕಬೇಡಿ. ಹೋಗುವ ದಿನಕ್ಕೆ ಒಂದು ಇದ್ದರೆ ಸಾಕು, ಆ ಚಳಿಗೆ ಆಗುವಂಥದ್ದು ಅಲ್ಲೇ ಸಿಗುತ್ತದೆ.

ಅಲ್ಲಿ ಪಕ್ಕದ ಮನೆಯವರು ಮುಖ ಕೊಟ್ಟು ಮಾತೇ ಆಡುವುದಿಲ್ಲವಂತೆ. ನಿಜವಾ?
– ಓದುಗರು, ಕುಣಿಗಲ್

ನನಗೂ ಮೊದಲ ಎಂಟು ತಿಂಗಳು ಹಾಗೇ ಅನಿಸಿತ್ತು. ಮೆಟ್ಟಿಲಲ್ಲಿ ಎದುರಾದರೆ 'ಗ್ರೂಸ್ ಗಾಟ್' ಅನ್ನುತ್ತಿದ್ದರು. ಅಲ್ಲಿಗೆ ಮಾತು ಮುಗಿಯುತ್ತಿತ್ತು. ನಮ್ಮ ರೈಲಿನಲ್ಲಿ ತಿಪಟೂರು ಬಿಟ್ಟು ನಿಟ್ಟೂರು ಬರುವಷ್ಟರಲ್ಲಿ ಎದುರು ಕೂತವರಿಗೆ ನಮ್ಮ ಕೆಲಸ, ಸಂಬಳ, ಮದುವೆ ಎಲ್ಲ ತಿಳಿದಿರುತ್ತದೆ ಅಲ್ವಾ? ಹಾಗೆ ಬೆಳೆದವಳಿಗೆ ಆ ಮೌನ ತುಂಬಾ ಭಾರವಾಗಿತ್ತು.

ಒಂದು ಸೋಮವಾರ ಬಾಗಿಲ ಹಿಡಿಕೆಗೆ ಒಂದು ಮರದ ಫಲಕ ನೇತುಹಾಕಿತ್ತು. ಯಾರದೋ ಜಾಹೀರಾತು ಎಂದುಕೊಂಡು ಹಾಗೇ ಬಿಟ್ಟೆ. ಶನಿವಾರ ಕೆಳಮನೆಯ ಅಜ್ಜಿ ಬಾಗಿಲು ತಟ್ಟಿದರು. ಕೋಪದಲ್ಲಿದ್ದರು. ಜೋರಾಗಿ ಏನೇನೋ ಹೇಳಿದರು, ನನಗೆ ಕಾಲು ಭಾಗವೂ ಅರ್ಥವಾಗಲಿಲ್ಲ. ನನ್ನ ಮುಖ ನೋಡಿ ಅವರಿಗೇ ಏನನಿಸಿತೋ, ಕೆಳಗಿಳಿದು ಹೋಗಿ ಪೊರಕೆ, ಬಕೆಟ್ಟು ತಂದರು. ಮೊದಲು ಮೆಟ್ಟಿಲು, ಆಮೇಲೆ ಕಂಬಿ, ಆಮೇಲೆ ಮುಂಬಾಗಿಲ ಎದುರಿನ ದಾರಿ. ಒಂದೊಂದನ್ನೂ ಮಾಡಿ ತೋರಿಸಿದರು.

ಆ ಫಲಕದ ಅರ್ಥ 'ಗುಡಿಸುವ ವಾರ'. ಅವರ ಮಾತಲ್ಲಿ ಕೇರ್‌ವೋಖೆ. ಸ್ಟುಟ್‌ಗಾರ್ಟ್ ಇರುವ ಶ್ವಾಬಿಯಾ ಸೀಮೆಯ ಹಳೆಯ ಪದ್ಧತಿ ಇದು. ಒಂದೇ ಕಟ್ಟಡದಲ್ಲಿ ಇರುವವರು ವಾರಕ್ಕೊಬ್ಬರಂತೆ ಮೆಟ್ಟಿಲು, ಅಂಗಳ ಗುಡಿಸಬೇಕು. ಮುಗಿಸಿ ಫಲಕವನ್ನು ಮುಂದಿನ ಮನೆಗೆ ನೇತುಹಾಕಬೇಕು. ಹಿಮ ಬಿದ್ದರೆ ಬೆಳಗ್ಗೆ ಜನ ಓಡಾಡುವ ಮೊದಲೇ ಮನೆ ಮುಂದಿನ ಕಾಲುದಾರಿ ತೆರವಾಗಿರಬೇಕು. ಯಾರಾದರೂ ಜಾರಿ ಬಿದ್ದರೆ ಹೊಣೆ ಮನೆಯವರದು.

ಮುಂದಿನ ಸರದಿಗೆ ನಾನು ಮೂಲೆ ಮೂಲೆ ಬಳಿದೆ. ದಿನಾ ಬೆಳಗ್ಗೆ ಅಂಗಳ ಗುಡಿಸಿ ಸಾರಿಸಿ ರಂಗೋಲಿ ಇಡುವ ಮನೆಯಿಂದ ಹೋದವಳು ನಾನು. ಅಜ್ಜಿ ಕೆಳಗಿನ ಮೆಟ್ಟಿಲಲ್ಲಿ ನಿಂತು ನೋಡಿ, ತಲೆಯಾಡಿಸಿ, ಒಳಗೆ ಕರೆದು ಕಾಫಿ ಕೊಟ್ಟರು. ಅಲ್ಲಿಂದ ಪ್ರತಿ ಶನಿವಾರ ಕಾಫಿ. ಅವರಿಗೆ ಸೊಂಟ ನೋವು. ಅವರ ನೀರಿನ ಬಾಟಲಿಯ ಕ್ರೇಟನ್ನು ನಾನು ಮೇಲೆ ಹೊರುತ್ತೇನೆ, ಖಾಲಿಯಾದದ್ದನ್ನು ಅಂಗಡಿಯ ಯಂತ್ರಕ್ಕೆ ಹಾಕಿ ಚೀಟಿ ತಂದುಕೊಡುತ್ತೇನೆ. ಬಾಟಲಿಗಳಿಗೆ ಅಲ್ಲಿ ಠೇವಣಿ ಇರುತ್ತದೆ, ಖಾಲಿ ಬಾಟಲಿ ಮರಳಿಸಿದರೆ ಆ ದುಡ್ಡು ವಾಪಸ್. ಒಂದೇ ಸಲ ಬಳಸುವ ಪ್ಲಾಸ್ಟಿಕ್ ಬಾಟಲಿಗಾದರೆ 25 ಸೆಂಟ್, ಅಂದರೆ ಕಾಲು ಯೂರೋ. ಹಾಗಾಗಿ ಬೀದಿಯಲ್ಲಿ ಬಾಟಲಿ ಬಿದ್ದಿರುವುದು ಅಪರೂಪ. ಇದು ನಮ್ಮ ತುಮಕೂರಿಗೂ ಬರಬೇಕು ಎಂದು ನನಗೆ ಬಹಳ ಆಸೆ.

ಒಮ್ಮೆ ಅವರ ಹುಟ್ಟುಹಬ್ಬಕ್ಕೆ ಒಂದು ದಿನ ಮೊದಲೇ ಶುಭಾಶಯ ಹೇಳಹೋದೆ. ಅಜ್ಜಿ ಗಾಬರಿಯಿಂದ ಕೈ ಅಡ್ಡ ಹಿಡಿದರು. ಮುಂಚೆ ಹೇಳಿದರೆ ಅಪಶಕುನವಂತೆ. ನಮ್ಮಜ್ಜಿ ಹೊರಟವರನ್ನು 'ಎಲ್ಲಿಗೆ' ಎಂದು ಕೇಳಬಾರದು ಅನ್ನುತ್ತಿದ್ದುದು ನೆನಪಾಯಿತು.

ಆದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಅವರು ಸುಮ್ಮನೆ ಮಾತಾಡುವುದಿಲ್ಲ. ಜೊತೆಗೆ ಮಾಡುವ ಕೆಲಸ ಒಂದಿದ್ದರೆ ಮಾತಾಡುತ್ತಾರೆ.

ಆಫೀಸಿನಲ್ಲಿ ಇಂಗ್ಲಿಷ್ ನಡೆಯುತ್ತದಂತೆ. ಜರ್ಮನ್ ಕಲಿಯಲೇಬೇಕಾ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಶಿರಾ

ಕಲಿಯಲೇಬೇಕು. ಆಫೀಸಿನ ಎಂಟು ಗಂಟೆ ಇಂಗ್ಲಿಷಿನಲ್ಲಿ ಕಳೆದೀತು. ಉಳಿದ ಹದಿನಾರು ಗಂಟೆ? ಮನೆಗೆ ಬರುವ ಸರ್ಕಾರಿ ಪತ್ರ, ಡಾಕ್ಟರ ಹತ್ತಿರ ನೋವು ಎಲ್ಲಿ ಎಂದು ಹೇಳುವುದು, ಕೆಳಮನೆ ಅಜ್ಜಿ ಎಲ್ಲವೂ ಜರ್ಮನ್. ಇಲ್ಲಿಂದ ಹೋಗಿ ಆರೇಳು ವರ್ಷ ಅಲ್ಲೇ ಇದ್ದೂ ಭಾಷೆ ಕಲಿಯದವರನ್ನು ನೋಡಿದ್ದೇನೆ. ಅವರ ಸಂಜೆಯೆಲ್ಲ ಮೊಬೈಲಿನಲ್ಲೇ ಕಳೆಯುತ್ತದೆ. ನೋಡಿದರೆ ಹೊಟ್ಟೆ ಚುರ್ ಅನ್ನುತ್ತದೆ.

ಕನ್ನಡದವರಿಗೆ ಕೆಲವು ಕಡೆ ಸಲೀಸು. ನಮ್ಮ ನೀನು, ನೀವು ಇದ್ದ ಹಾಗೆ ಅವರಿಗೆ ಡು, ಜೀ. ಯಾರಿಗೆ ಯಾವುದು ಎಂದು ನಮಗೆ ಹೇಳಿಕೊಡಬೇಕಿಲ್ಲ. 'ಅವನು ಬರುತ್ತಾನೆ ಎಂದು ಗೊತ್ತು' ಎನ್ನುವಂಥ ಉದ್ದ ವಾಕ್ಯದಲ್ಲಿ, ಆ 'ಎಂದು' ಸೇರಿಸಿದ ಭಾಗದಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತದೆ. ಇಂಗ್ಲಿಷ್ ಮಾತ್ರ ಗೊತ್ತಿರುವವರು ಅಲ್ಲಿ ಎಡವುತ್ತಾರೆ, ನಮಗೆ ಅದು ಸಹಜ. ಕಷ್ಟ ಸಂಖ್ಯೆಗಳದ್ದು. ಇಪ್ಪತ್ತೈದಕ್ಕೆ ಅವರು 'ಐದು ಮತ್ತು ಇಪ್ಪತ್ತು' ಅನ್ನುತ್ತಾರೆ. ಫೋನ್ ನಂಬರ್ ಬರೆದುಕೊಳ್ಳುವಾಗ ನಾನು ಈಗಲೂ ಇನ್ನೊಮ್ಮೆ ಕೇಳುತ್ತೇನೆ.

ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕಲಿಸುತ್ತಾರೆ. ದಿನಬಳಕೆಯ ಮಾತಿಗೆ ಸಾಕಾಗುವ ಬಿ1 ಹಂತದವರೆಗಾದರೂ ಮುಗಿಸಿಕೊಂಡು ಹೋಗಿ. ಬೇಸರವಾದಾಗ ಕಿಟೆಲ್ ಅವರನ್ನು ನೆನೆಸಿಕೊಳ್ಳಿ. ಜರ್ಮನಿಯಿಂದ ಬಂದು, ನಮ್ಮ ಭಾಷೆ ಕಲಿತು, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟವರು. 1903ರಲ್ಲಿ ತೀರಿಕೊಂಡದ್ದು ಟ್ಯೂಬಿಂಗನ್ನಿನಲ್ಲಿ. ಅಲ್ಲಿನ ನನ್ನ ಊರಿಂದ ರೈಲಿನಲ್ಲಿ ಹೋಗಿ ಸಂಜೆಗೆ ವಾಪಸ್ ಬರುವಷ್ಟು ಹತ್ತಿರ. ಮೊದಲ ಸಲ ಹೋದಾಗ ನದಿ ದಂಡೆಯಲ್ಲಿ ಕೂತು ಅಮ್ಮನಿಗೆ ಫೋನ್ ಮಾಡಿ, ಎಲ್ಲಿದ್ದೇನೆ ಎಂದು ಹೇಳಿದ್ದೆ.

ಭಾನುವಾರ ಅಂಗಡಿಗಳೇ ಇರುವುದಿಲ್ಲವಂತೆ?
– ಗೃಹಿಣಿ, ತುಮಕೂರು

ಹೌದು. ಭಾನುವಾರದ ಬಿಡುವಿಗೆ ಅಲ್ಲಿನ ಸಂವಿಧಾನದಲ್ಲೇ ರಕ್ಷಣೆ ಇದೆ. ದೊಡ್ಡ ರೈಲು ನಿಲ್ದಾಣದ ಅಂಗಡಿಗಳು, ಬೆಳಗ್ಗೆ ಕೆಲವು ಬೇಕರಿಗಳು ಬಿಟ್ಟರೆ ಹೆಚ್ಚುಕಡಿಮೆ ಎಲ್ಲ ಬಂದ್. ಶನಿವಾರವೇ ಹಾಲು, ತರಕಾರಿ ತಂದಿಟ್ಟುಕೊಳ್ಳಬೇಕು. ಸದ್ದಾಗುತ್ತದೆ ಎಂದು ಆ ದಿನ ಗೋಡೆ ಕೊರೆಯುವಂತಿಲ್ಲ. ಚಟ್ನಿಯನ್ನೂ ನಾನು ಶನಿವಾರವೇ ರುಬ್ಬಿಡುತ್ತೇನೆ. ಮೊದಮೊದಲು ಆ ದಿನ ಉಸಿರು ಕಟ್ಟಿದ ಹಾಗಾಗುತ್ತಿತ್ತು. ಈಗ ವಾರವೆಲ್ಲ ಅದಕ್ಕೇ ಕಾಯುತ್ತೇನೆ.

ಮಗಳು ಎಂಎಸ್ ಓದಲು ಜರ್ಮನಿಗೆ ಹೋಗಬೇಕು ಅನ್ನುತ್ತಾಳೆ. ಫೀಸೇ ಇಲ್ಲ ಅಂತಾರೆ ಕೆಲವರು, ಇಪ್ಪತ್ತು ಲಕ್ಷ ಅಂತಾನೆ ಏಜೆಂಟ್. ತೋಟ ಅಡ ಇಡಲೇ?
– ರೈತರು, ತುರುವೇಕೆರೆ

ಅಣ್ಣಾ, ಮೊದಲು ತೋಟದ ಪತ್ರವನ್ನು ಪೆಟ್ಟಿಗೆಯಲ್ಲೇ ಇಡಿ. ಲೆಕ್ಕ ನೋಡೋಣ.

ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲ, ಸೆಮಿಸ್ಟರಿಗೆ ಸಣ್ಣ ಮೊತ್ತ ಮಾತ್ರ. ಆದರೆ ಸ್ಟುಟ್‌ಗಾರ್ಟ್ ಇರುವ ಬಾಡನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ನಮ್ಮಂಥ ದೇಶಗಳ ವಿದ್ಯಾರ್ಥಿಗಳು ಸೆಮಿಸ್ಟರಿಗೆ 1,500 ಯೂರೋ ಕಟ್ಟಬೇಕು. ಖಾಸಗಿ ಕಾಲೇಜುಗಳದ್ದು ಬೇರೆಯೇ ಲೆಕ್ಕ, ಅಲ್ಲಿ ಫೀಸು ತುಂಬಾ ಜಾಸ್ತಿ. ನಮ್ಮ ತಾಲ್ಲೂಕಿನ ಹುಡುಗನೊಬ್ಬ ಏಜೆಂಟ್ ಮಾತು ನಂಬಿ ಹೋಗಿ, ತಾನು ಸೇರಿದ್ದು ಖಾಸಗಿ ಕಾಲೇಜು ಎಂದು ಅಲ್ಲಿಗೆ ಮುಟ್ಟಿದ ಮೇಲೆ ತಿಳಿದುಕೊಂಡ. ನನ್ನ ಅಡುಗೆಮನೆಯಲ್ಲಿ ಕೂತು ಅತ್ತ. ಅಪ್ಪನಿಗೆ ಹೇಗೆ ಹೇಳಲಿ ಎಂದು ಕೇಳಿದ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ: ಕಾಲೇಜು ಸರ್ಕಾರಿಯೋ ಖಾಸಗಿಯೋ ಎಂದು ಮಗಳೇ ನೋಡಲಿ. ಡಿಎಎಡಿ ಎಂಬ ಜರ್ಮನ್ ಸಂಸ್ಥೆಯ ಜಾಲತಾಣದಲ್ಲಿ ಕೋರ್ಸುಗಳ ಪಟ್ಟಿ, ಶುಲ್ಕದ ವಿವರ ಇದೆ. ನೋಡಲು ಒಂದು ಪೈಸೆ ಬೇಡ.

ವೀಸಾಕ್ಕೆ ಬ್ಲಾಕ್ಡ್ ಅಕೌಂಟ್ ಎಂದು ಒಂದಿದೆ. ಈಗಿನ ಲೆಕ್ಕದಲ್ಲಿ ವರ್ಷಕ್ಕೆ 11,904 ಯೂರೋ ಅದರಲ್ಲಿ ಹಾಕಿರಬೇಕು. ಇದು ಫೀಸಲ್ಲ, ನಿಮ್ಮದೇ ಹಣ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ಮಗಳ ಕೈಗೆ ಬರುತ್ತದೆ, ಬಾಡಿಗೆ, ಊಟ, ವಿಮೆ ಅದರಲ್ಲೇ. ಇದಲ್ಲದೆ ಎಪಿಎಸ್ ಎಂಬ ಪ್ರಮಾಣಪತ್ರ ಬೇಕು, ಅಂಕಪಟ್ಟಿಗಳು ಅಸಲಿ ಎಂದು ಪರಿಶೀಲಿಸಿ ಕೊಡುವುದು. ಅದಕ್ಕೆ ಸಮಯ ಹಿಡಿಯುತ್ತದೆ, ಮೊದಲು ಅದಕ್ಕೆ ಅರ್ಜಿ ಹಾಕಿಸಿ.

'ಪಾರ್ಟ್ ಟೈಮ್ ದುಡಿದು ತೀರಿಸುತ್ತೇನೆ' ಎಂದು ಮಕ್ಕಳು ಹೇಳುತ್ತಾರೆ. ವರ್ಷಕ್ಕೆ 140 ಪೂರ್ಣ ದಿನ ಕೆಲಸ ಮಾಡಲು ಅನುಮತಿ ಇದೆ, ನಿಜ. ಆದರೆ ಭಾಷೆ ಬಾರದವರಿಗೆ ಕೆಲಸ ಸಿಗುವುದು ಕಷ್ಟ. ಮೊದಲ ಸೆಮಿಸ್ಟರಿಗೆ ಆ ದುಡ್ಡನ್ನು ಲೆಕ್ಕಕ್ಕೇ ಹಿಡಿಯಬೇಡಿ. ಓದು ಮುಗಿದು ಕೆಲಸ ಸಿಕ್ಕಿದ ಮೇಲೂ, ಒಂಟಿಯಾಗಿರುವವರ ಸಂಬಳದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆರಿಗೆ, ಪಿಂಚಣಿ, ಆರೋಗ್ಯ ವಿಮೆಗೆ ಹೋಗುತ್ತದೆ. ಮನೆ ಹಿಡಿದರೆ ಮೂರು ತಿಂಗಳ ಬಾಡಿಗೆಯವರೆಗೆ ಮುಂಗಡ. ಎಷ್ಟೋ ಮನೆಗಳಲ್ಲಿ ಅಡುಗೆ ಕಟ್ಟೆಯೇ ಇರುವುದಿಲ್ಲ, ಸಿಂಕು, ಒಲೆ ಎಲ್ಲ ನಾವೇ ಕೊಂಡು ಕೂರಿಸಬೇಕು.

ಮಗಳನ್ನು ಕಳಿಸಬೇಡಿ ಎಂದು ನಾನು ಹೇಳುತ್ತಿಲ್ಲ. ನನ್ನನ್ನು ಕಳಿಸಿದ್ದಕ್ಕೇ ನಾನು ಈ ಮಟ್ಟಕ್ಕೆ ಬಂದಿದ್ದೇನೆ. ಪ್ರವೇಶ ಪತ್ರ ಕೈಗೆ ಬಂದ ಮೇಲೆ ಬ್ಯಾಂಕಿನಲ್ಲಿ ಶಿಕ್ಷಣ ಸಾಲ ಕೇಳಿ. ಅದೂ ಸಾಲದೆ ಬಂದರೆ ಮಾತ್ರ ತೋಟದ ಮಾತು. ಸಸಿ ನೆಟ್ಟು ಫಸಲು ಕಾಣಲು ಆರೇಳು ವರ್ಷ ಕಾದವರು ನೀವು. ಮಗಳು ಒಂದು ವರ್ಷ ಇಲ್ಲೇ ಇದ್ದು ಜರ್ಮನ್ ಕಲಿತು ಹೋದರೆ ಏನೂ ತಡವಾಗುವುದಿಲ್ಲ.

ದೂರದಲ್ಲಿದ್ದು ಅಪ್ಪ ಅಮ್ಮನನ್ನು ಹೇಗೆ ನೋಡಿಕೊಳ್ಳುತ್ತೀರಿ?
– ಓದುಗರು, ಚಿಕ್ಕನಾಯಕನಹಳ್ಳಿ

ಪೂರ್ತಿ ನೋಡಿಕೊಳ್ಳಲು ಆಗುವುದಿಲ್ಲ. ನಮ್ಮಜ್ಜಿ ಇಲ್ಲಿ ತೀರಿಕೊಂಡಾಗ ಅಲ್ಲಿ ನಡುರಾತ್ರಿ. ಸಿಕ್ಕ ವಿಮಾನ ಹತ್ತಿ ನಾನು ಮನೆ ಮುಟ್ಟಿದ್ದು ಹಾಲು-ತುಪ್ಪದ ದಿನಕ್ಕೆ. ಮುಖ ನೋಡಲಿಲ್ಲ. ಆ ನೋವು ಇವತ್ತಿಗೂ ಹೋಗಿಲ್ಲ.

ಮಾಡುವುದು ಇಷ್ಟು: ದಿನಾ ಅಲ್ಲಿನ ಬೆಳಗ್ಗೆ ಆರೂವರೆಗೆ, ಕೆಲಸಕ್ಕೆ ಹೊರಡುವ ಮುಂಚೆ ಫೋನ್. ಚಳಿಗಾಲದಲ್ಲಿ ನಮಗೂ ಅವರಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ. ಬೇಸಿಗೆಯಲ್ಲಿ ಮೂರೂವರೆ. ಮಾರ್ಚ್ ಕೊನೆಯ ಭಾನುವಾರ ಅವರು ಗಡಿಯಾರ ಒಂದು ಗಂಟೆ ಮುಂದೆ ಇಡುತ್ತಾರೆ, ಅಕ್ಟೋಬರ್ ಕೊನೆಯ ಭಾನುವಾರ ಹಿಂದೆ. ಇದು ತಿಳಿಯದೆ ಮೊದಲ ವರ್ಷ ಅಮ್ಮ ಫೋನ್ ಹಿಡಿದು ಒಂದು ಗಂಟೆ ಕಾದಿದ್ದರು.

ಆಮೇಲೆ ಅಪ್ಪ ನಡುಮನೆಯ ಗೋಡೆಗೆ ಎರಡನೇ ಗಡಿಯಾರ ತಂದು ಹಾಕಿದರು. ಅದರಲ್ಲಿ ಯಾವಾಗಲೂ ನನ್ನ ಊರಿನ ಗಂಟೆ. ವರ್ಷಕ್ಕೆ ಎರಡು ಸಲ ಸ್ಟೂಲ್ ಹತ್ತಿ ಮುಳ್ಳು ತಿರುಗಿಸುತ್ತಾರೆ. ಎಪ್ಪತ್ತು ದಾಟಿದೆ, ಹತ್ತಬೇಡಿ ಅಂದರೆ ಕೇಳುವುದಿಲ್ಲ. ಈ ಸಲ ಅಕ್ಟೋಬರ್ ಕೊನೆಯ ಭಾನುವಾರ ನಾನು ಇಲ್ಲೇ ಇರುತ್ತೇನೆ. ನಾನೇ ತಿರುಗಿಸುತ್ತೇನೆ ಅಂದಿದ್ದೇನೆ. ಅಪ್ಪ ಇನ್ನೂ ಒಪ್ಪಿಲ್ಲ.